ಹಲಸಿನ ಮರ ಎಲ್ಲಿತ್ತು?

ನಮ್ಮ ಮನೆಯ ಊಟದ ಮೇಜಿನ ಮೇಲೆ ಮೂರು ತಿಂಗಳಿಂದ ಒಂದು ದೊಡ್ಡ ಹಾಳೆ ಹರಡಿಕೊಂಡಿದೆ. ಊಟದ ಹೊತ್ತಿಗೆ ಅದನ್ನು ಹುಷಾರಾಗಿ ಎತ್ತಿ ಬೀರುವಿನ ಮೇಲೆ ಇಡುತ್ತೇವೆ. ಊಟ ಮುಗಿದು, ಮೇಜು ಒರೆಸಿ, ಒಣಗಿದೆಯೇ ಎಂದು ಅಂಗೈಯಿಂದ ಸವರಿ ನೋಡಿ ಮತ್ತೆ ಇಳಿಸುತ್ತೇವೆ. ಆ ಹಾಳೆಯಲ್ಲಿ ಒಂದು ಮನೆ ಮೂಡುತ್ತಿದೆ. ನಮ್ಮ ಯಜಮಾನರು ಹುಟ್ಟಿ ಬೆಳೆದ ಮನೆ. ಆ ಮನೆಯನ್ನು ನಾನು ಕಣ್ಣಾರೆ ಕಂಡವಳಲ್ಲ. ನಾನು ಮದುವೆಯಾಗಿ ಬರುವಷ್ಟರಲ್ಲಿ ಅದು ಶರಾವತಿ ಹಿನ್ನೀರಿನ ಅಡಿ ಸೇರಿ ಎಷ್ಟೋ ವರ್ಷ ಕಳೆದಿತ್ತು.

ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದದ್ದು 1964ರಲ್ಲಿ. ನಾಡಿಗೆಲ್ಲ ಬೆಳಕು ಬಂತು. ಸಾಗರ, ಹೊಸನಗರದ ಕಡೆಯ ಎಷ್ಟೋ ಊರುಗಳು ತೋಟ, ಗದ್ದೆ, ದೇವಸ್ಥಾನದ ಸಮೇತ ಮುಳುಗಿದವು. ಇವರಿಗಾಗ ಹನ್ನೆರಡೋ ಹದಿಮೂರೋ. ಹಂಚು ಇಳಿಸಿ, ತೊಲೆ ಬಿಚ್ಚಿ, ಬಾಗಿಲನ್ನೂ ಕಳಚಿಕೊಂಡು ಲಾರಿಗೆ ಹೇರಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ಮನೆಯ ಒಂದೇ ಒಂದು ಫೋಟೊ ಇಲ್ಲ. ಆ ಗಡಿಬಿಡಿಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ, ಹೊಳೆದಿದ್ದರೂ ಕ್ಯಾಮೆರಾ ಯಾರ ಹತ್ತಿರ ಇತ್ತು?

ಈ ಚಿತ್ರದ ಕೆಲಸ ಮನೆಗೆ ಕಾಲಿಟ್ಟದ್ದು ನನ್ನಿಂದ. ಮೂರು ವರ್ಷದ ಹಿಂದೆ, ನನ್ನ ಅರವತ್ತಾರನೆಯ ವಯಸ್ಸಿನಲ್ಲಿ, ಎಡಗಣ್ಣಿನ ಪೊರೆ ತೆಗೆಸಿದೆ. ಬಲಗಣ್ಣಿನದು ಆರು ವಾರ ತಡವಾಗಿ ಆಯಿತು. ಆ ಆರು ವಾರ ನನ್ನ ಪಾಲಿಗೆ ಒಂದು ಬೆರಗು. ಬೆಳಿಗ್ಗೆ ಕಿತ್ತು ತಂದ ಮಲ್ಲಿಗೆ ಮೊಗ್ಗನ್ನು ಬಲಗಣ್ಣಿನಿಂದ ನೋಡಿದರೆ ಹಳೆಯ ಕಾಗದದ ಬಣ್ಣ, ಎಡಗಣ್ಣಿನಿಂದ ನೋಡಿದರೆ ತುಸು ನೀಲಿ ಬೆರೆತ ಬಿಳಿ. ಒಂದೇ ಮೊಗ್ಗು, ಎರಡು ಬಣ್ಣ! ವಯಸ್ಸಾದಂತೆ ಕಣ್ಣಿನ ಮಸೂರ ಹಳದಿ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ, ಅದನ್ನು ತೆಗೆದು ಹೊಸದು ಕೂರಿಸಿದಾಗ ನೀಲಿ ಮತ್ತೆ ಒಳಗೆ ಬರುತ್ತದೆ ಎಂದು ಡಾಕ್ಟರು ವಿವರಿಸಿದರು. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1923ರಲ್ಲಿ, ಎಂಬತ್ತೆರಡರ ವಯಸ್ಸಿನಲ್ಲಿ, ಪೊರೆ ತೆಗೆಸಿಕೊಂಡ ಮೇಲೆ ಬಣ್ಣಗಳ ವಿಷಯದಲ್ಲಿ ಬಹಳ ತಳಮಳ ಪಟ್ಟನಂತೆ. ನನಗೆ ಆದದ್ದು ತಳಮಳವಲ್ಲ, ಹಸಿವು. ಇಷ್ಟು ವರ್ಷ ಏನನ್ನೆಲ್ಲ ನೋಡದೆ ಬಿಟ್ಟೆನೋ ಎಂಬ ಹಸಿವು. ಬಲಗಣ್ಣಿನ ಆಪರೇಷನ್ ಆಗಿ, ಬಗ್ಗಬೇಡಿ ಎಂದ ದಿನಗಳು ಮುಗಿದದ್ದೇ ತಡ, ಮೊಮ್ಮಗಳ ಶಾಲೆಯ ಜಲವರ್ಣದ ಡಬ್ಬಿ ತೆಗೆದುಕೊಂಡು ಕೂತೆ.

ಮೊದಲು ಬರೆದದ್ದು ಒಂದು ಬದನೆಕಾಯಿ. ನಲವತ್ತು ವರ್ಷ ಹೆಚ್ಚಿದ ಕೈ ಇದು. ಆದರೂ ಅದರ ತೊಟ್ಟಿನ ಹಸಿರಿನ ಮೇಲೆ ಸಣ್ಣ ಮುಳ್ಳುಗಳು ಹೇಗೆ ಕೂತಿವೆ, ತೊಟ್ಟಿನ ಅಂಚು ಎತ್ತಿದರೆ ಅಡಿಯಲ್ಲಿ ಬಿಸಿಲು ಕಾಣದ ಸಿಪ್ಪೆ ಹೇಗೆ ಬಿಳಿಚಿಕೊಂಡಿರುತ್ತದೆ, ಕಾಯಿಯ ಹೊಟ್ಟೆಯ ಮೇಲೆ ನಮ್ಮ ಅಡಿಗೆಮನೆಯ ಕಿಟಕಿ ಪುಟ್ಟದಾಗಿ, ಸರಳುಗಳ ಸಮೇತ ಹೇಗೆ ಹೊಳೆಯುತ್ತದೆ ಎಂಬುದನ್ನು ಅವತ್ತೇ ನೋಡಿದ್ದು. ಆ ಹೊಳಪಿಗೆ ಬಿಳಿ ಬಣ್ಣ ಹುಡುಕಿದೆ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು, ಆಗ ಆರು ವರ್ಷದವಳು, "ಅಜ್ಜಿ, ಅಲ್ಲಿ ಏನೂ ಹಚ್ಚಬಾರದು, ಹಾಗೇ ಬಿಡಬೇಕು" ಅಂದಳು. ಅವಳ ಮೇಷ್ಟ್ರು ಹೇಳಿಕೊಟ್ಟಿದ್ದರು. ಜಲವರ್ಣದಲ್ಲಿ ಬೆಳಕು ಅಂದರೆ ಮುಟ್ಟದೆ ಬಿಟ್ಟ ಕಾಗದ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಒಂದು ಪದರ ಒಣಗುವ ತನಕ ಕಾಯದಿದ್ದರೆ ಎಲ್ಲ ಕಲಸಿ ಕೆಸರು. ಆರು ವರ್ಷದ ಹುಡುಗಿ ಗುರು, ಅರವತ್ತಾರರ ನಾನು ಶಿಷ್ಯೆ. ಸ್ಟೀಲ್ ಲೋಟದ ನೀರು ಬೂದಿ ಬಣ್ಣಕ್ಕೆ ತಿರುಗಿತು, ಬದನೆಕಾಯಿ ಬೀಟ್‌ರೂಟಿನಂತೆ ಕಂಡಿತು, ನಾವಿಬ್ಬರೂ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆವು. ಅಜ್ಜಿ ಮೊಮ್ಮಕ್ಕಳಿಗೆ ಹೇಳಿಕೊಡುವುದು ಲೋಕರೂಢಿ. ಇಬ್ಬರೂ ಒಟ್ಟಿಗೆ ತಪ್ಪು ಮಾಡುವ ಸುಖ ನನಗೆ ಸಿಕ್ಕಿದ್ದು ಆ ಮೇಜಿನ ಹತ್ತಿರ.

ಬಂದವರು ನೋಡಿ, "ಒಳ್ಳೇದಾಯ್ತು, ಟೈಂಪಾಸ್ ಆಗುತ್ತೆ" ಅನ್ನುತ್ತಾರೆ. ಆ ಮಾತು ನನಗೆ ಸೇರುವುದಿಲ್ಲ. ಕಾಲವನ್ನು ಹೇಗಾದರೂ ಕಳೆದುಬಿಡಬೇಕು ಅನ್ನಲು ಅದೇನು ನಮಗೆ ಹೆಚ್ಚಾಗಿ ಉಳಿದಿದೆಯೇ? ರವೀಂದ್ರನಾಥ ಟ್ಯಾಗೋರರು ಚಿತ್ರಕ್ಕೆ ಮನಸ್ಸು ಕೊಟ್ಟದ್ದು ಅರವತ್ತು ದಾಟಿದ ಮೇಲೆ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಹಾಗೇ ಬಿಡಲು ಮನಸ್ಸಾಗದೆ, ಒಂದಕ್ಕೊಂದು ಗೆರೆ ಕೂಡಿಸುತ್ತ ಹೋದರು. ಅಲ್ಲಿಂದ ಹಕ್ಕಿಗಳು, ವಿಚಿತ್ರ ಪ್ರಾಣಿಗಳು, ಮುಖಗಳು ಎದ್ದು ಬಂದವು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆದಾಗ ಅವರಿಗೆ ಅರವತ್ತೊಂಬತ್ತು. ಕಣ್ಣು ಮುಚ್ಚುವಷ್ಟರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬರೆದಿದ್ದರು. ಅವರು ಮಹಾಕವಿ, ಅವರ ಮಾತು ಬೇರೆ ಅನ್ನಬಹುದು. ಹಾಗಾದರೆ ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯ ಜೋಧಯ್ಯಾ ಬಾಯಿ ಬೈಗಾ? ಕೂಲಿ ಮಾಡಿ ಮಕ್ಕಳನ್ನು ಸಾಕಿದ ಆ ತಾಯಿ ಕುಂಚ ಹಿಡಿದದ್ದು ಎಪ್ಪತ್ತರ ಹತ್ತಿರಕ್ಕೆ. ತನ್ನ ಕಾಡು, ತನ್ನ ಹುಲಿ, ತನ್ನ ಮಹುವಾ ಮರ ಬರೆದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇವರಿಬ್ಬರಲ್ಲಿ ಯಾರೂ ಟೈಂಪಾಸಿಗೆ ಬರೆದವರಲ್ಲ.

ಅಷ್ಟು ದೂರ ಯಾಕೆ, ನಾನು ಹುಟ್ಟಿದ ಸೀಮೆಯಲ್ಲೇ ದೀವರ ಮನೆಗಳ ಹಸೆ ಚಿತ್ತಾರ ಇದೆ. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ನೆನೆಸಿದ ಅಕ್ಕಿ ಅರೆದು ಬಿಳಿ, ಅಕ್ಕಿಯನ್ನೇ ಸುಟ್ಟು ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಪುಂಡಿ ನಾರಿನ ಕುಂಚ. ಚಿಕ್ಕವಳಿದ್ದಾಗ ನೆರೆಯ ಮನೆಯಲ್ಲಿ ಗಂಟೆಗಟ್ಟಲೆ ನಿಂತು ನೋಡಿದ್ದೇನೆ. ಹಲ್ಲು ಹೋದ ಅಮ್ಮ ಒಬ್ಬರು ಉಸಿರು ಬಿಗಿಹಿಡಿದು ಉದ್ದನೆಯ ಎಳೆ ಎಳೆಯುತ್ತಿದ್ದರು. ಸೊಸೆ ಪಕ್ಕದಲ್ಲಿ ಜೋಡಿ ಎಳೆ. ಮೊಮ್ಮಗಳಿಗೆ ನಡುವೆ ಚುಕ್ಕಿ ತುಂಬುವ ಕೆಲಸ. ಒಂದೇ ಗೋಡೆಯ ಮುಂದೆ ಮೂರು ತಲೆಮಾರು, ಬಾಯಲ್ಲಿ ಹಾಡು. ಅದು ಕಲೆ, ನಾವು ಕಲಾವಿದೆಯರು ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ ನೆನಪಿಲ್ಲ. "ಹಸೆ ಬರೀತಾ ಇದ್ದೀವಿ" ಅನ್ನುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದೇವೆ ಅಂದಷ್ಟೇ ಸಲೀಸಾಗಿ. ಭೂಮಿ ಹುಣ್ಣಿಮೆ ಬಂದರೆ ಭೂಮಣ್ಣಿ ಬುಟ್ಟಿಗೂ ಅದೇ ಕೈ, ಅದೇ ಎಳೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹೊರುವ ಬುಟ್ಟಿ ಬೋಳಾಗಿ ಹೋಗಬಾರದು. ನಮ್ಮಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಒಂದೇ ಕ್ರಿಯಾಪದ, ಎರಡನ್ನೂ ನಾವು ಬರೆಯುತ್ತೇವೆ. ಓದು ಬಾರದ ಆ ಅಮ್ಮ ದಿನವಿಡೀ ಗೋಡೆಯ ಮೇಲೆ ಬರೆದರು.

ಇರಲಿ, ಮೇಜಿನ ಹತ್ತಿರ ಮತ್ತೆ ಬರುತ್ತೇನೆ. ನಮ್ಮವರು ಸರ್ವೆ ಕೆಲಸದಲ್ಲಿದ್ದವರು. ಮೂವತ್ತು ವರ್ಷ ಸರಪಳಿ ಎಳೆಸಿ ಪರರ ಹೊಲ ಅಳೆದು ನಕ್ಷೆ ಬರೆದವರು. ನಿವೃತ್ತಿಯಾದ ಮೇಲೆ ಬಲಗೈಗೆ ನಡುಕ ಶುರುವಾಯಿತು. ಸಹಿ ಹಾಕಲೂ ಸಂಕೋಚ, ನಾಲ್ಕು ಜನರೆದುರು ಕಾಫಿ ಲೋಟ ಎತ್ತಲೂ ಸಂಕೋಚ. ನಾವು ಬರೆಯುವುದನ್ನು ಎರಡು ವರ್ಷ ದೂರದ ಕುರ್ಚಿಯಲ್ಲಿ ಕೂತು, ಪೇಪರಿನ ಮರೆಯಿಂದ ನೋಡಿದರು. ಕರೆದರೆ, "ಗೆರೆ ನೆಟ್ಟಗೆ ಬರದ ಕೈ ಯಾತಕ್ಕೆ?" ಅನ್ನುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಮಾಡಬಾರದು ಎಂದೇ ನನ್ನ ನಂಬಿಕೆ. ವಯಸ್ಸಾದವರನ್ನು ಮಕ್ಕಳಂತೆ ಪುಸಲಾಯಿಸಿ ಕೂರಿಸಿದರೆ ಅವರ ಮಾನ ಮುಕ್ಕಾಗುತ್ತದೆ.

ಮೂರು ತಿಂಗಳ ಹಿಂದೆ ಮೊಮ್ಮಗಳೇ ಕೇಳಿದಳು: "ಅಜ್ಜ, ನಿನ್ನ ಮನೆ ಎಷ್ಟು ದೊಡ್ಡದಿತ್ತು?" ಈ ಪ್ರಶ್ನೆಗೆ ಸರ್ವೆಯವರು ಸುಮ್ಮನಿರಲು ಸಾಧ್ಯವೇ? ಮರುದಿನವೇ ದಪ್ಪ ಹಾಳೆ ತರಿಸಿದರು. ಒಂದು ಇಂಚಿಗೆ ಹತ್ತು ಅಡಿ ಎಂದು ಲೆಕ್ಕ ಇಟ್ಟರು. ಹುಡುಗನಾಗಿದ್ದಾಗ ಜಗಲಿಯ ಈ ತುದಿಯಿಂದ ಆ ತುದಿಗೆ ಎಷ್ಟು ಹೆಜ್ಜೆ ಹಾಕುತ್ತಿದ್ದೆ ಎಂದು ಕಣ್ಣು ಮುಚ್ಚಿ ಎಣಿಸಿದರು. ಹನ್ನೆರಡು ವರ್ಷದ ಹುಡುಗನ ಹೆಜ್ಜೆ ಎಷ್ಟು ಉದ್ದ ಎಂದು ತಿಳಿಯಲು ಪಕ್ಕದ ಮನೆಯ ಹುಡುಗನನ್ನು ಕರೆಸಿ ವರಾಂಡದಲ್ಲಿ ನಡೆಸಿ ಟೇಪಿನಲ್ಲಿ ಅಳೆದರು. ಮಗ, ಮನೆಗೆ ಬಂದರೂ ಫೋನಿನಲ್ಲೇ ಇರುವವನು, ಹೆಜ್ಜೆಯನ್ನು ಅಡಿಗೆ, ಅಡಿಯನ್ನು ಇಂಚಿಗೆ ಇಳಿಸಿಕೊಡಲು ಕೂತ. ಜಗಲಿ, ನಡುಮನೆ, ದೇವರ ಕೋಣೆ, ಬಚ್ಚಲು, ಕೊಟ್ಟಿಗೆ ಬಂದವು. ಅಳತೆಪಟ್ಟಿ ಇಟ್ಟರೂ ಗೆರೆ ನಡುಗಿತು. ಅವರು ಪೆನ್ಸಿಲ್ ಕೆಳಗಿಟ್ಟುಬಿಟ್ಟರು. ಸೊಸೆ ಬಗ್ಗಿ ನೋಡಿ, "ಮಾವ, ಮಣ್ಣಿನ ಗೋಡೆ ಹೀಗೇ ಅಲ್ವಾ ಇರೋದು? ನೆಟ್ಟಗಿದ್ರೆ ಸಿಮೆಂಟಿನ ಮನೆ ಥರ ಕಾಣ್ತಿತ್ತು" ಅಂದಳು. ಸಮಾಧಾನಕ್ಕೆ ಆಡಿದ ಮಾತಲ್ಲ ಅದು, ನಿಜವಾಗಿ ಹಾಗೇ ಕಾಣುತ್ತಿತ್ತು. ಅವರು ಸ್ವಲ್ಪ ಹೊತ್ತು ನೋಡಿ ಮತ್ತೆ ಪೆನ್ಸಿಲ್ ಎತ್ತಿಕೊಂಡರು.

"ಇದು ಮನೆ ಅಲ್ಲ ಅಜ್ಜ, ಬರೀ ಗೆರೆ" ಎಂದು ಮೊಮ್ಮಗಳು ಜಗಳ ತೆಗೆದಳು. ಹಾಗಾಗಿ ಮೇಲಿನಿಂದ ಕಂಡಂತಿರುವ ನಕ್ಷೆಯ ಸುತ್ತ ಮರಗಳು ಎದುರಿನಿಂದ ಕಂಡಂತೆ ನಿಂತವು. ಕೊಟ್ಟಿಗೆಯಲ್ಲಿ ಹಸು ಕಿವಿ ನಿಮಿರಿಸಿಕೊಂಡು ಪಕ್ಕಕ್ಕೆ ತಿರುಗಿದೆ. ಅಂಗಳದಲ್ಲಿ ಅಡಿಕೆ ಹರಡಿದೆ. ಅದರ ಬಣ್ಣಕ್ಕೇ ನನಗೆ ಎರಡು ದಿನ ಹಿಡಿಯಿತು. ಚೊಗರಿನಲ್ಲಿ ಬೆಂದ ಅಡಿಕೆಯ ಕೆಂಪು ಡಬ್ಬಿಯಲ್ಲಿ ಎಲ್ಲಿ ಸಿಗಬೇಕು? ಕೊನೆಗೆ ಕಂದಿನ ಮೇಲೆ ಕಡುಗೆಂಪನ್ನು ತೆಳ್ಳಗೆ, ಎರಡು ಸಲ ಒಣಗಿಸಿ ಹಚ್ಚಿದೆ. ಅವರು ನೋಡಿ ಏನೂ ಅನ್ನಲಿಲ್ಲ. ರಾತ್ರಿ ಮಲಗುವ ಮುಂಚೆ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ಹೇಳಿದರು. ನಲವತ್ತೇಳು ವರ್ಷದ ಸಂಸಾರದಲ್ಲಿ ಆ ಕಥೆಯನ್ನು ನಾನು ಕೇಳಿರಲಿಲ್ಲ.

ಇಳಿವಯಸ್ಸಿನಲ್ಲಿ ಚಿತ್ರ ಬರೆಯಿರಿ, ಮನಸ್ಸಿಗೆ ಒಳ್ಳೆಯದು ಎನ್ನುತ್ತಾರೆ. ಒಳ್ಳೆಯದೇ. ಆದರೆ ನಾನು ಕಂಡದ್ದು ಇನ್ನೂ ಒಂದಿದೆ. ನಮ್ಮ ತಲೆಯೊಳಗೆ ಮಾತ್ರ ಉಳಿದಿರುವ ಮನೆ, ಮರ, ಬೆಳಕು ನಮ್ಮ ಜೊತೆಗೇ ಹೊರಟುಹೋಗುತ್ತವೆ. ಬಾಯಿಮಾತಿನಲ್ಲಿ ಹೇಳಿದರೆ ಮಕ್ಕಳು "ಗೊತ್ತು ಬಿಡಿ" ಅನ್ನುತ್ತಾರೆ. ಅದೇ ಮನೆಗೆ ಬಣ್ಣ ಹಚ್ಚಲು ಕೂತ ಮಗು, ಬಾವಿಯ ಕಟ್ಟೆ ದುಂಡಗಿತ್ತೇ ಚೌಕವಾಗಿತ್ತೇ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲು ಈ ವಯಸ್ಸಿನಲ್ಲಿ ನಾವಿದ್ದೇವೆ.

ಈಗ ಉಳಿದಿರುವುದು ಹಲಸಿನ ಮರದ ತಕರಾರು. ಬಾವಿಯ ಪಶ್ಚಿಮಕ್ಕಿತ್ತು ಎಂದು ಇವರು. ಛೇ, ಕೊಟ್ಟಿಗೆಯ ಹಿಂದೆ, ಉತ್ತರಕ್ಕೆ, ಅದರ ಕೊಂಬೆಗೇ ನನ್ನ ಜೋಕಾಲಿ ಕಟ್ಟಿದ್ದು ಎಂದು ಸೊರಬದಲ್ಲಿರುವ ಇವರ ತಂಗಿ. ಫೋನಿನಲ್ಲಿ ಮೂರು ಸಲ ವಾದ ಆಗಿದೆ. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆದ್ದು ಕಾಣುತ್ತದೆ, ನಮ್ಮ ಅಂಗಳವೂ ಎದ್ದೀತು, ಹೋಗಿ ಬೇರು ಹುಡುಕೋಣ ಎಂದು ಮಗ ಹೇಳುತ್ತಿದ್ದಾನೆ. ನಾದಿನಿ ಅಷ್ಟು ದಿನ ಕಾಯಲು ಒಪ್ಪಿಲ್ಲ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತಾಳಂತೆ, ತನ್ನ ಮರವನ್ನು ತಾನೇ ಬರೆಯುತ್ತಾಳಂತೆ. ಅಲ್ಲಿಯವರೆಗೆ ಆ ಎರಡೂ ಜಾಗಕ್ಕೆ ಬಣ್ಣ ಮುಟ್ಟಿಸಬೇಡ ಎಂದು ಮೊಮ್ಮಗಳಿಗೆ ಹೇಳಿದ್ದೇವೆ.