ಅಜ್ಜಿಗೆ ಯಾವ ಚೀಟಿ?
(ಪವಿತ್ರ ಕುಟುಂಬದ ಹಬ್ಬದ ಪ್ರಬೋಧನೆ)



ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಸಂತ ಜೋಸೆಫರು ರಾತ್ರಿಯಲ್ಲೇ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಡುತ್ತಾರೆ. ಏನೇನು ಕಟ್ಟಿಕೊಂಡರು ಎಂದು ಅಲ್ಲಿ ಬರೆದಿಲ್ಲ. ಯಾರನ್ನು ಕರೆದುಕೊಂಡರು ಎಂದಷ್ಟೇ ಬರೆದಿದೆ. ನಾವಾದರೋ ಮನೆ ಬದಲಿಸುವಾಗ ಸಾಮಾನಿನ ಪಟ್ಟಿಯಿಂದಲೇ ಶುರುಮಾಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಕುಟುಂಬವೊಂದಕ್ಕೆ ಬೆಂಗಳೂರಿನಿಂದ ದೆಹಲಿಗೆ ವರ್ಗವಾಯಿತು. ಸಾಮಾನು ಕಟ್ಟಲು ನಾವು ನಾಲ್ಕೈದು ಜನ ಹೋಗಿದ್ದೆವು. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದ್, ನಾಗಪುರ, ಝಾನ್ಸಿ, ಆಗ್ರಾ ದಾಟಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ. ಗ್ಯಾಸ್ ಸಿಲಿಂಡರನ್ನು ಲಾರಿಗೆ ಹಾಕದೆ ಏಜೆನ್ಸಿಗೆ ಒಪ್ಪಿಸಿ ರಸೀದಿ ಪಡೆದರು. ಸ್ಕೂಟರಿಗೆ ಆರ್‌ಟಿಓ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಪೆಟ್ರೋಲ್ ಖಾಲಿ ಮಾಡಿಸಿದರು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒರೆಸಿಟ್ಟರು. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ ನಿಜ. ಆದರೂ ಪಟ್ಟಿಯ ಒಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಇಲ್ಲವಾದರೆ ಒಡೆದದ್ದನ್ನೂ ಕಳೆದದ್ದನ್ನೂ ಯಾರಲ್ಲಿ ಕೇಳುವುದು?

ಪೆಟ್ಟಿಗೆಗಳ ಮೇಲೆಲ್ಲ ಚೀಟಿ ಅಂಟಿಸಿದೆವು: ಅಡುಗೆಮನೆ, ಮಕ್ಕಳ ಪುಸ್ತಕ, ದೇವರ ಪೀಠ. ಅಜ್ಜಿಯ ಒರಳುಕಲ್ಲು ಹಾಗೆಯೇ ಉಳಿಯಿತು. ಮಗ, "ಮಿಕ್ಸಿ ಇದೆಯಲ್ಲಮ್ಮ, ಲಾರಿಯಲ್ಲಿ ಜಾಗವೂ ಇಲ್ಲ" ಎಂದರು. ಮೂಲೆಯಲ್ಲಿ ಮಣೆಯ ಮೇಲೆ ಕುಳಿತಿದ್ದ ಅಜ್ಜಿ ಮೆಲ್ಲಗೆ, "ನನಗೂ ಒಂದು ಚೀಟಿ ಅಂಟಿಸಪ್ಪ, ಎಲ್ಲಿ ಇಳಿಸಬೇಕು ಅಂತ" ಎಂದರು.

ಕೈಯಲ್ಲಿದ್ದ ಅಂಟುಪಟ್ಟಿ ಕೈಯಲ್ಲೇ ಉಳಿಯಿತು. ಅಜ್ಜಿ ದೆಹಲಿಗೋ, ಚಿಕ್ಕಮಗಳೂರಿನ ಕಿರಿಯ ಮಗನ ಮನೆಗೋ ಎಂದು ಗಂಡ ಹೆಂಡತಿ ತಮ್ಮಲ್ಲೇ ಮಾತಾಡಿಕೊಂಡಿದ್ದರು, ಅವರನ್ನು ಮಾತ್ರ ಕೇಳಿರಲಿಲ್ಲ. ಮೂರು ದಿನ ಆ ಮನೆಯಲ್ಲಿ ಓಡಾಡಿ ಅವರ ಕೈಯಿಂದಲೇ ಕಾಫಿ ಕುಡಿದ ನಮಗೂ ಅದು ಹೊಳೆದಿರಲಿಲ್ಲ!

ಅಂದು ಸಂಜೆ ಜಪಸರವಾದ ಮೇಲೆ ಮನೆಯವರೆಲ್ಲ ಕುಳಿತು ಮಾತಾಡಿದರು. ಮಗ ಅತ್ತರಂತೆ. "ಮೊಮ್ಮಕ್ಕಳಿರುವ ಕಡೆ ನಾನು, ಬೇಸಿಗೆ ತಡೆಯದಿದ್ದರೆ ವಾಪಸು ಕಳಿಸಿ" ಎಂದು ಅಜ್ಜಿಯೇ ತೀರ್ಮಾನ ಹೇಳಿದರು. ಒರಳುಕಲ್ಲು ಎದುರು ಮನೆಗೆ ಹೋಯಿತು.

ಅವರು ರೈಲಿನಲ್ಲಿ ಎರಡು ರಾತ್ರಿ ಕಳೆದು ದೆಹಲಿ ಮುಟ್ಟಿದರು. ಲಾರಿ ಬರಲಿಲ್ಲ. ಒಂದೇ ಲಾರಿಯಲ್ಲಿ ಮೂರು ಮನೆಯ ಸಾಮಾನಿದ್ದರೆ ಹೀಗೆಯೇ, ಅಲ್ಲಲ್ಲಿ ಇಳಿಸಿಕೊಂಡು ಬರುತ್ತದೆ. ಡಿಸೆಂಬರ್ ಕೊನೆಯ ಚಳಿ, ಬರಿಯ ನೆಲ. ಮೇಲಿನ ಮಹಡಿಯ ಪಂಜಾಬಿ ಹೆಂಗಸೊಬ್ಬರು ಕೇಳದೆಯೇ ಎರಡು ದಪ್ಪ ರಜಾಯಿ, ಒಂದು ಪಾತ್ರೆ ಚಹಾ ತಂದರು. "ಅವಳ ಮಾತು ಒಂದೂ ತಿಳಿಯಲಿಲ್ಲ, ನನ್ನ ಕಾಲಿಗೆ ತಾನೇ ಹೊದಿಸಿ ಹೋದಳು" ಎಂದು ಅಜ್ಜಿ ಫೋನಿನಲ್ಲಿ ನಮಗೆ ಹೇಳಿದರು. ಲಾರಿ ಬಂದದ್ದು ಆರು ದಿನ ಕಳೆದು.

ಈಜಿಪ್ಟಿನಲ್ಲಿ ಮಾತೆ ಮರಿಯಮ್ಮನವರಿಗೆ ಮೊದಲ ದಿನ ನೀರು ಕೊಟ್ಟವರು ಯಾರು? ಹೆಸರಿಲ್ಲ. ಅವರಿಗೆ ಆ ಮಗು ಯಾರೆಂದು ಗೊತ್ತಿದ್ದಿರಲಾರದು.

ಮೊನ್ನೆ ನಮ್ಮ ದೇವಾಲಯದ ಹಿಂದಿನ ರಸ್ತೆಗೆ ಒಡಿಶಾ ನಂಬರಿನ ಲಾರಿಯೊಂದು ಬಂತು. ಒಂದು ಮಂಚ, ನಾಲ್ಕು ಪೆಟ್ಟಿಗೆ, ಸೈಕಲ್ಲು ಇಳಿದವು. ಹಿಂದೆಯೇ ಆಟೋದಲ್ಲಿ ಗಂಡ ಹೆಂಡತಿ, ಕೈಗೂಸು, ಒಬ್ಬರು ಮುದುಕಿ. ಯಾವ ಧರ್ಮದವರೋ ಕೇಳಿಲ್ಲ, ಎರಡು ದಿನವಾದರೂ ನಾವ್ಯಾರೂ ಆ ಕಡೆ ಹೋಗಿಯೂ ಇಲ್ಲ. ಇಂದು ಬಲಿಪೂಜೆ ಮುಗಿದೊಡನೆ ಇಡ್ಲಿ, ಕಾಫಿ ತೆಗೆದುಕೊಂಡು ಹೋಗುತ್ತಿದ್ದೇವೆ. ಹಿಂದಿ ಬಲ್ಲವರು ಒಬ್ಬರಾದರೂ ದಯವಿಟ್ಟು ಗೇಟಿನ ಬಳಿ ನಿಲ್ಲಿ.