ಟೈರಿನ ಗಾಳಿ ಕಣ್ಣಿಗೆ ಕಾಣುವುದಿಲ್ಲ



ಊರಿಗೆ ಹೊರಡುವ ಮುಂಚೆ ಕಾರಿನ ಸುತ್ತ ಬಂದು ಟೈರುಗಳನ್ನು ಒಂದೊಂದಾಗಿ ಒದ್ದು ನೋಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ನಮ್ಮ ತಂದೆಯವರೂ ಹಾಗೇ ನೋಡುತ್ತಿದ್ದರು. ಈಗಿನ ರೇಡಿಯಲ್ ಟೈರಿಗೆ ಆ ಪರೀಕ್ಷೆ ಸಾಲದು. ಗಾಳಿ ಸರಿಯಾಗಿದ್ದಾಗಲೂ ಅದರ ಪಕ್ಕೆ ನೆಲದ ಹತ್ತಿರ ಸ್ವಲ್ಪ ಉಬ್ಬಿಕೊಂಡೇ ಇರುತ್ತದೆ. ಹಾಗಾಗಿ 33 ಪಿಎಸ್‌ಐ ಇರಬೇಕಾದದ್ದು 26ಕ್ಕೆ ಇಳಿದಿದ್ದರೂ ನೋಡಿದವರಿಗೆ ಗೊತ್ತಾಗುವುದಿಲ್ಲ. ಗಾಳಿ ಕಡಿಮೆಯಾದ ಟೈರು ಮಾತ್ರ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಮನೆಮಂದಿಯೆಲ್ಲ ತುಂಬಿಕೊಂಡು ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಆ ಬಿಸಿಗೇ ಟೈರು ಸಿಡಿಯಬಹುದು.

ಅಮೆರಿಕದಲ್ಲಿ ಹಿಂದೊಮ್ಮೆ ಟೈರುಗಳ ತುಳಿಪಟ್ಟಿ ಕಿತ್ತುಬಂದು, ಗಾಡಿಗಳು ಮಗುಚಿ, ಎಷ್ಟೋ ಜನ ಸತ್ತರು. ಅದರಿಂದಾಗಿ 2000ದಲ್ಲಿ ಅಲ್ಲಿ ಕಾಯ್ದೆ ಬಂತು. ಅದರಂತೆ 2008ರ ಮಾಡೆಲ್‌ನಿಂದ ಪ್ರತಿ ಹೊಸ ಕಾರಿನಲ್ಲೂ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮ ಕಾರಿನಲ್ಲಿ ಅದು ಇಲ್ಲದಿದ್ದರೆ ಹೊರಗಿನಿಂದ ತಂದು ಹಾಕಿಕೊಳ್ಳಬಹುದು.

ಇದರಲ್ಲಿ ಎರಡು ಬಗೆ. ಒಂದರಲ್ಲಿ ಸೆನ್ಸರ್ ರಿಮ್ಮಿನ ಒಳಗೆ, ವಾಲ್ವಿನ ಬುಡದಲ್ಲಿ ಕೂರುತ್ತದೆ. ಅದಕ್ಕೆ ಟೈರು ಬಿಚ್ಚಬೇಕು, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಬೇಕು. ಹೊಸ ಟೈರು ಹಾಕಿಸುವ ದಿನವೇ ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವಂಥದು. ಒಳಗೆ ಗುಂಡಿಯಷ್ಟೇ ದೊಡ್ಡ ಬ್ಯಾಟರಿ. ಅಲ್ಲಿಂದ ರೇಡಿಯೊ ಅಲೆಯ ಮೂಲಕ ಡ್ಯಾಶ್‌ಬೋರ್ಡಿನ ಪುಟ್ಟ ಪರದೆಗೆ ಸುದ್ದಿ ಬರುತ್ತದೆ. ನಾನು ಹಾಕಿಕೊಂಡಿರುವುದು ಈ ಎರಡನೆಯದು.

ಬೆಳಿಗ್ಗೆ ಟೈರು ತಣ್ಣಗಿರುವಾಗ ಅದನ್ನು ಹಾಕಲು ಕೂತೆ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರಲ್ಲ, ಅದರಲ್ಲಿದ್ದ ಲೆಕ್ಕಕ್ಕೇ ಗಾಳಿ ತುಂಬಿಸಿದ್ದೆ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವುದು ಟೈರು ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು. ಯಾವ ಸೆನ್ಸರ್ ಯಾವ ಚಕ್ರಕ್ಕೆ ಎಂದು ಅದರ ಮೇಲೇ ಗುರುತಿರುತ್ತದೆ. ತಿರುಗಿಸುತ್ತ ಹೋದಾಗ ಒಳಗಿನ ಸೂಜಿ ಒತ್ತಿಕೊಂಡು ಒಂದು ಕ್ಷಣ ಸುಯ್ ಎನ್ನುತ್ತದೆ, ಬಿಗಿಯಾದೊಡನೆ ನಿಲ್ಲುತ್ತದೆ. ಅಂದರೆ ಅಲ್ಲಿಂದ ಮುಂದೆ ವಾಲ್ವು ಸದಾ ತೆರೆದೇ ಇದೆ, ಗಾಳಿ ತಡೆಯುತ್ತಿರುವುದು ಸೆನ್ಸರಿನ ರಬ್ಬರ್ ವಾಷರ್ ಒಂದೇ. ಆದ್ದರಿಂದ ಸೋಪಿನ ನೀರು ಹಚ್ಚಿ ನೋಡುವುದನ್ನು ದಯವಿಟ್ಟು ಬಿಡಬೇಡಿ. ನನ್ನ ಕಾರಿನ ಎಡಗಡೆ ಹಿಂದಿನ ಚಕ್ರದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು ಮೆಲ್ಲಗೆ ಊದುತ್ತಿತ್ತು. ಬಿಚ್ಚಿದೆ. ವಾಷರ್ ಮಡಿಚಿಕೊಂಡಿತ್ತು. ನೋಡದೆ ಬಿಟ್ಟಿದ್ದರೆ ಗಾಳಿ ಕಾಯಲು ತಂದ ಸಾಧನವೇ ಗಾಳಿ ಕಳೆಯುತ್ತಿತ್ತು. ವಾಲ್ವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಮೊದಲು ವಾಲ್ವು ಬದಲಾಯಿಸಿ, ಹಳೆಯದು ಈ ಭಾರ ತಾಳುವುದಿಲ್ಲ.

ಮುಂದೆ ಎಚ್ಚರಿಕೆಯ ಅಂಕಿ. ಅಮೆರಿಕದ ನಿಯಮದಂತೆ ಕಾಲು ಭಾಗ ಗಾಳಿ ಇಳಿಯುವ ಹೊತ್ತಿಗೆ ದೀಪ ಹೊತ್ತಬೇಕು. 33ರ ಟೈರಿಗೆ ಅದು 25ರ ಹತ್ತಿರ. ಅಲ್ಲಿಯವರೆಗೆ ಕಾಯುವುದು ನನಗೆ ಸರಿಕಾಣಲಿಲ್ಲ, 28ಕ್ಕೆ ಇಟ್ಟಿದ್ದೇನೆ. ಚಕ್ರಗಳನ್ನು ಅದಲುಬದಲು ಮಾಡಿಸಿದಾಗ ಸೆನ್ಸರುಗಳನ್ನು ಮತ್ತೆ ಅವುಗಳ ಜಾಗಕ್ಕೆ ತಿರುಗಿಸಿ ಹಾಕಬೇಕು. 

ಹೊಸಬರು ಗಾಬರಿಯಾಗುವುದು ಅಂಕಿ ಏರಿದಾಗ. ಟೈರು ಓಡಿದಂತೆ ಒಳಗಿನ ಗಾಳಿ ಬಿಸಿಯಾಗುತ್ತದೆ, ಆರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐಯಂತೆ ಒತ್ತಡ ಏರುತ್ತದೆ. ಬೆಳಗಿನ 33 ಮಧ್ಯಾಹ್ನ 37 ಆದರೆ ಅದು ಸಹಜ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಒಂದೇ ಅಂಕಿಯನ್ನು ದಿಟ್ಟಿಸುವ ಬದಲು ನಾಲ್ಕನ್ನೂ ಹೋಲಿಸಿ.

ಹೋದ ಬೇಸಿಗೆಯಲ್ಲಿ ಮಂಗಳೂರಿಗೆ ಹೊರಟಿದ್ದೆವು. ಹಾಸನ ದಾಟಿದ ಮೇಲೆ ಮೂರು ಟೈರು 37ಕ್ಕೆ ಏರಿದ್ದವು, ಬಲಗಡೆ ಹಿಂದಿನದು 34ರಲ್ಲೇ ಇತ್ತು. ಎಚ್ಚರಿಕೆ ಕೂಗಿರಲಿಲ್ಲ. ಬೆಳಗಿನ ಅಂಕಿಗಿಂತ ಹೆಚ್ಚೇ ಇತ್ತಲ್ಲ! ಆದರೂ ಸಕಲೇಶಪುರದ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ತುಳಿಪಟ್ಟಿಯಲ್ಲಿ ತಲೆ ಸವೆದ ಮೊಳೆಯೊಂದು ಕೂತಿತ್ತು. ಅಂಗಡಿಯವರು ಇಕ್ಕಳದಿಂದ ಎಳೆದು ಸ್ಟ್ರಿಪ್ ಹಾಕಿದರು. ಗಾಳಿ ತುಂಬಿಸಿ, ಸೆನ್ಸರ್ ಕೂರಿಸಿ, ಅವರಲ್ಲೇ ಸೋಪಿನ ನೀರು ಇಸಿದುಕೊಂಡು ಹಚ್ಚಿ ನೋಡಿದೆ. ಗುಳ್ಳೆ ಏಳಲಿಲ್ಲ. ಶಿರಾಡಿ ಘಾಟಿ ಇಳಿಯಲು ಹೊರಟೆವು.