ಬಡವರ ಅಧಿಕಾರಿ ಎಸ್. ಆರ್. ಶಂಕರನ್

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಗ್ರಾಮಾಭಿವೃದ್ಧಿಯಲ್ಲಿ ಮತ್ತು ಜನರ ಆರೋಗ್ಯದಲ್ಲಿ ಸರ್ಕಾರಿ ಅಧಿಕಾರಿಗಳ ಪಾತ್ರ ಎಂಬ ವಿಷಯವನ್ನು ಸ್ವಾಗತ ಸಮಿತಿಯವರು ನನಗೆ ಕೊಟ್ಟಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವನು, ವ್ಯವಸಾಯಗಾರ. ಅಧಿಕಾರಿಗಳ ಬಗ್ಗೆ ನಮಗಿರುವ ಅನುಭವ ನಿಮಗೆಲ್ಲ ಗೊತ್ತೇ ಇದೆ. ಒಂದು ಪಹಣಿ ತಿದ್ದುಪಡಿಗೆ ಎಷ್ಟು ದಿನ ಕಚೇರಿ ಜಗಲಿಯಲ್ಲಿ ಕೂತಿದ್ದೀವಿ ಅಂತ ಇಲ್ಲಿ ಒಬ್ಬೊಬ್ಬರೂ ಒಂದೊಂದು ಕಥೆ ಹೇಳಬಹುದು. ಅದನ್ನು ಹೇಳಿ ನಿಮ್ಮ ಹೊತ್ತು ಕಳೆಯುವುದಿಲ್ಲ. ಒಬ್ಬ ಅಧಿಕಾರಿಯ ವಿಚಾರ ಮಾತ್ರ ಹೇಳುತ್ತೇನೆ. ಅವರ ಹೆಸರು ಎಸ್. ಆರ್. ಶಂಕರನ್. ನಮ್ಮದು ಗಡಿ ತಾಲ್ಲೂಕು. ಆಂಧ್ರದ ಕಡೆ ಹೆಣ್ಣು ಕೊಟ್ಟು ತಂದವರು ಬಹಳ ಮಂದಿ ಇದ್ದೀವಿ. ಆ ಕಡೆಯ ದಲಿತ ಕೇರಿಗಳಲ್ಲಿ ಶಂಕರನ್ ಅಂದರೆ ಇವತ್ತಿಗೂ ಗುರುತು ಹಿಡಿಯುವ ಹಿರಿಯರಿದ್ದಾರೆ.

ಇವರು ಹುಟ್ಟಿದ್ದು 1934ರಲ್ಲಿ, ತಮಿಳುನಾಡಿನಲ್ಲಿ. ಐ.ಎ.ಎಸ್. ಪಾಸಾಗಿ ಆಂಧ್ರಕ್ಕೆ ಬಂದರು. ನೆಲ್ಲೂರು ಜಿಲ್ಲೆಯಲ್ಲಿ ಕಲೆಕ್ಟರ್ ಆಗಿದ್ದರು. ಮುಂದೆ ದೆಹಲಿಯಲ್ಲಿ ಕೇಂದ್ರ ಮಂತ್ರಿ ಮೋಹನ್ ಕುಮಾರಮಂಗಲಂ ಅವರ ಹತ್ತಿರ, ಕಲ್ಲಿದ್ದಲು ಗಣಿಗಳನ್ನು ಸರ್ಕಾರ ವಹಿಸಿಕೊಂಡ ಕಾಲದಲ್ಲಿ, ಕೆಲಸ ಮಾಡಿದರು. ಮದುವೆ ಮಾಡಿಕೊಳ್ಳಲಿಲ್ಲ. ಇಷ್ಟನ್ನು ಹೇಳಿ ಮುಖ್ಯ ವಿಷಯಕ್ಕೆ ಬರುತ್ತೇನೆ.

ಜೀತ ಎಂಬ ಮಾತು ಇಲ್ಲಿರುವ ಹುಡುಗರಿಗೆ ಪುಸ್ತಕದ ಮಾತು. ಹಿಂದಿನ ಸಾಲಿನಲ್ಲಿ ಕೂತಿರುವ ಅಜ್ಜಂದಿರಿಗೆ ಹಾಗಲ್ಲ. ಮಗಳ ಮದುವೆಗೋ ಕಾಯಿಲೆಗೋ ಒಂದಿಷ್ಟು ರೂಪಾಯಿ ತಂದರೆ ಅದನ್ನು ತೀರಿಸಲು ಮಗನನ್ನು ಸಾಹುಕಾರರ ಮನೆಯಲ್ಲಿ ಬಿಡುವುದು, ಅವನು ದನ ಕಾಯುತ್ತಾ ಗೊಬ್ಬರ ಹೊರುತ್ತಾ ಬೆಳೆದು ದೊಡ್ಡವನಾದರೂ ಅಸಲು ಹಾಗೇ ಇರುವುದು. ಲೆಕ್ಕ ಬರೆಯುವವರು ಸಾಹುಕಾರರು, ಹೆಬ್ಬೆಟ್ಟು ಒತ್ತುವವನು ಇವನು. 1975ರಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾಯಿದೆಯಾಯಿತು. ಜೀತ ರದ್ದು ಅಂತ ಮಾತ್ರ ಅದು ಹೇಳಲಿಲ್ಲ. ಜೀತದ ಸಾಲವೂ ರದ್ದು, ಒಂದು ಕಾಸೂ ವಾಪಸು ಕೊಡಬೇಕಾಗಿಲ್ಲ ಎಂದು ಹೇಳಿತು. ಜಾರಿ ಮಾಡುವ ಜವಾಬ್ದಾರಿಯನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟು, ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕು ಎಂದಿತು.

ಕಾಯಿದೆ ಬಂದ ಮೇಲೆ ದೇಶದ ಎಷ್ಟೋ ಕಡೆಯಿಂದ ಮೇಲಕ್ಕೆ ಹೋದ ವರದಿ ಏನೆಂದರೆ, ನಮ್ಮಲ್ಲಿ ಜೀತವೇ ಇಲ್ಲ ಎಂದು. ಶಂಕರನ್ ಆಗ ಆಂಧ್ರದ ಸಮಾಜ ಕಲ್ಯಾಣ ಇಲಾಖೆಯ ಕಾರ್ಯದರ್ಶಿ. ಅವರು ಆ ವರದಿಗಳನ್ನು ನಂಬಿ ಕೂರಲಿಲ್ಲ. ತಾವೇ ಹಳ್ಳಿಗಳಿಗೆ ಹೋಗಿ ಕೇರಿಯಲ್ಲಿ ಕೂತು ಜೀತದಾಳುಗಳಿಗೆ ನಿಮ್ಮ ಸಾಲ ತೀರಿತು, ಕಾನೂನೇ ತೀರಿಸಿದೆ, ನೀವು ಎದ್ದು ಹೋಗಬಹುದು ಎಂದು ತಿಳಿಸುತ್ತಿದ್ದರು. ಸರ್ಕಾರದ ಕಾರ್ಯದರ್ಶಿಯ ಬಾಯಿಂದಲೇ ಈ ಮಾತು ಬಂದರೆ ಊರ ದೊಡ್ಡವರಿಗೆ ಹೇಗಾಗಿರಬೇಡ, ನೀವೇ ಯೋಚನೆ ಮಾಡಿ. ದೂರುಗಳು ಹೈದರಾಬಾದಿಗೆ ಹೋದವು. ಆಗಿನ ಮುಖ್ಯಮಂತ್ರಿಗಳಿಗೂ ಇವರಿಗೂ ಸರಿಬರಲಿಲ್ಲ. ಇವರು ಮಾತು ಬದಲಿಸಲಿಲ್ಲ, ಆ ಜಾಗ ಬಿಟ್ಟರು. ಆಮೇಲೆ ದೂರದ ತ್ರಿಪುರಾದ ಮುಖ್ಯಮಂತ್ರಿ ನೃಪೇನ್ ಚಕ್ರವರ್ತಿಯವರು ಇವರನ್ನು ಕರೆಸಿಕೊಂಡು ತಮ್ಮ ರಾಜ್ಯದ ಮುಖ್ಯ ಕಾರ್ಯದರ್ಶಿ ಮಾಡಿಕೊಂಡರು. ಅವರೂ ಬ್ರಹ್ಮಚಾರಿ, ಇವರೂ ಬ್ರಹ್ಮಚಾರಿ, ಇಬ್ಬರಿಗೂ ಆಸ್ತಿಪಾಸ್ತಿಯ ಗೊಡವೆ ಇಲ್ಲ. ಜೋಡಿ ಚೆನ್ನಾಗಿತ್ತು ಅನ್ನಬೇಕು.

ಬಿಡುಗಡೆ ಆದವನು ಮಾರನೇ ದಿನ ಏನು ತಿನ್ನಬೇಕು? ಸಾಲ ಹೋಯಿತು, ಜೊತೆಗೆ ಸಾಹುಕಾರರ ಮನೆಯ ಮುದ್ದೆಯೂ ಹೋಯಿತು. ಅದಕ್ಕಾಗಿ 1978ರಲ್ಲಿ ಕೇಂದ್ರದ ಪುನರ್ವಸತಿ ಯೋಜನೆ ಬಂತು. ಆಗ ತಲೆಗೆ 4,000 ರೂಪಾಯಿ. 2016ರಲ್ಲಿ ಅದನ್ನು ಗಂಡಾಳಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ ಮಾಡಿದರು. ಬಿಡಿಸುವುದು ಅರ್ಧ ಕೆಲಸ, ಕಾಲ ಮೇಲೆ ನಿಲ್ಲಿಸುವುದು ಇನ್ನರ್ಧ. ಈ ಎರಡನೇ ಅರ್ಧ ಎಲ್ಲಾ ಕಡೆಯೂ ಸೋತಿದೆ ಎಂಬುದು ನನ್ನ ಅಭಿಪ್ರಾಯ. ದನವನ್ನೋ ಕುರಿಯನ್ನೋ ಕೊಟ್ಟು ಫೋಟೋ ತೆಗೆಸಿಕೊಂಡವರು ಮೇವು ಎಲ್ಲಿಂದ ಬರುತ್ತದೆ, ಹಾಲು ಎಲ್ಲಿಗೆ ಹಾಕುತ್ತಾರೆ ಅಂತ ಕೇಳಲಿಲ್ಲ. ಹಾಲಿನ ಸಂಘದವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ.

ತ್ರಿಪುರಾದಿಂದ ಆಂಧ್ರಕ್ಕೆ ವಾಪಸು ಬಂದ ಮೇಲೆ 1980ರ ದಶಕದಲ್ಲಿ ದಲಿತ ಮಕ್ಕಳಿಗೆ ವಸತಿ ಶಾಲೆಗಳನ್ನು ಕಟ್ಟುವ ಕೆಲಸಕ್ಕೆ ಶಂಕರನ್ ನಿಂತರು. ಆ ಶಾಲೆಗಳನ್ನು ನಡೆಸಲು ಒಂದು ಸೊಸೈಟಿಯನ್ನೇ ಮಾಡಿದರು. 2014ರ ಮೇ ತಿಂಗಳಿನಲ್ಲಿ ಎವರೆಸ್ಟ್ ಹತ್ತಿದ ಮಾಲಾವತ್ ಪೂರ್ಣಾ ಮತ್ತು ಆನಂದ್ ಕುಮಾರ್ ಇಬ್ಬರೂ ಆ ಶಾಲೆಗಳ ಮಕ್ಕಳೇ. ಪೂರ್ಣಾಗೆ ಆಗ 13 ವರ್ಷ. ಕೂಲಿ ಮಾಡುವವರ ಮಗಳು. ಆ ದಿನ ಶಂಕರನ್ ಬದುಕಿರಲಿಲ್ಲ.

1987ರ ಡಿಸೆಂಬರ್ ಕೊನೆಯಲ್ಲಿ ಪೂರ್ವ ಗೋದಾವರಿಯ ಕಾಡಿನ ಗುರ್ತೇಡು ಎಂಬಲ್ಲಿ ನಕ್ಸಲೀಯರು ಹಲವು ಅಧಿಕಾರಿಗಳನ್ನು ಅಪಹರಿಸಿದರು. ಗಿರಿಜನರ ಹಳ್ಳಿ ನೋಡಲು ಹೋಗಿದ್ದ ಶಂಕರನ್ ಅವರಲ್ಲಿ ಒಬ್ಬರು. ಜೈಲಿನಲ್ಲಿದ್ದ ಕೆಲವು ನಕ್ಸಲೀಯರನ್ನು ಸರ್ಕಾರ ಬಿಟ್ಟ ಮೇಲೆ ಇವರೂ ಬಿಡುಗಡೆ ಆದರು. ಬೇರೆಯವರಾಗಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಇವರು ಹತ್ತು ವರ್ಷದ ನಂತರ, 1997ರಲ್ಲಿ, ಕಳಕಳಿಯ ನಾಗರಿಕರ ಸಮಿತಿ ಮಾಡಿ ಪೊಲೀಸರೂ ಕೊಲ್ಲಬೇಡಿ, ಅವರೂ ಕೊಲ್ಲಬೇಡಿ ಎಂದು ಎರಡೂ ಕಡೆಗೆ ಹೇಳುತ್ತಾ ಓಡಾಡಿದರು. 2004ರಲ್ಲಿ ಎರಡು ಕಡೆಯವರೂ ಒಂದು ಮೇಜಿನ ಮುಂದೆ ಕೂತರು. ಆ ಮಾತುಕತೆ ಮುರಿದು ಬಿತ್ತು, ಅದು ಬೇರೆ ಮಾತು.

ಕೇಂದ್ರದ ಗ್ರಾಮೀಣಾಭಿವೃದ್ಧಿ ಕಾರ್ಯದರ್ಶಿಯಾಗಿ 1992ರಲ್ಲಿ ನಿವೃತ್ತರಾದರು. ನಿವೃತ್ತಿ ಅಂದರೆ ನಮ್ಮಲ್ಲಿ ಸೈಟು, ಮನೆ, ತೋಟ. ಇವರಿಗೆ ಹೈದರಾಬಾದಿನಲ್ಲಿ ಒಂದು ಸಣ್ಣ ಮನೆ, ಪಿಂಚಣಿಯಲ್ಲಿ ಬಡ ಮಕ್ಕಳ ಓದು. 2005ರಲ್ಲಿ ಪದ್ಮಭೂಷಣ ಕೊಡುತ್ತೇವೆ ಅಂದಾಗ ಬೇಡ ಅಂದರು.

ಇನ್ನು ನಮ್ಮ ಮನೆಗಳಿಗೇ ಮುಟ್ಟಿದ ವಿಷಯ. ಗೋದಾಮಿನಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಜನ ಹಸಿದಿದ್ದಾರೆ ಎಂದು 2001ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಆ ವರ್ಷದ ನವೆಂಬರ್ 28ರಂದು, ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೆ ಕನಿಷ್ಠ 200 ದಿನ, 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೊಟೀನ್ ಇರುವ ಬೇಯಿಸಿದ ಊಟ ಕೊಡಬೇಕೆಂದು ಕೋರ್ಟು ಆಜ್ಞೆ ಮಾಡಿತು. ಅಂಗನವಾಡಿ ಎಲ್ಲ ಕೇರಿಗಳಿಗೂ ಮುಟ್ಟಬೇಕು ಎಂದಿತು. ಆಜ್ಞೆ ಜಾರಿಯಾಗುತ್ತಿದೆಯೇ ಎಂದು ನೋಡಲು 2002ರಲ್ಲಿ ಎನ್. ಸಿ. ಸಕ್ಸೇನಾ ಮತ್ತು ಶಂಕರನ್ ಅವರನ್ನು ಕಮಿಷನರುಗಳಾಗಿ ನೇಮಿಸಿತು. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಬಂದಿದ್ದೂ ಆ ವರ್ಷಗಳಲ್ಲೇ. ನಾನು ಓದುವಾಗ ಮಧ್ಯಾಹ್ನದ ಬೆಲ್ಲು ಹೊಡೆದರೆ ಕೆಲವು ಹುಡುಗರು ನೀರು ಕುಡಿದು ಹುಣಸೆ ಮರದ ಕೆಳಗೆ ಕೂರುತ್ತಿದ್ದರು. ನನ್ನ ಮಕ್ಕಳ ಕಾಲಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಮಕ್ಕಳ ಆರೋಗ್ಯ ಅಂದರೆ ಡಾಕ್ಟರು, ಮಾತ್ರೆ ಮಾತ್ರ ಅಲ್ಲ. ಮೊದಲು ಹೊಟ್ಟೆ.

ಮಲ ಹೊರುವ ಪದ್ಧತಿಯ ವಿರುದ್ಧ ನಡೆದ ಸಫಾಯಿ ಕರ್ಮಚಾರಿ ಆಂದೋಲನಕ್ಕೂ ಇವರೇ ಹಿರಿಯರಾಗಿ ನಿಂತರು. ಆ ಆಂದೋಲನದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಅದೇ ಕೆಲಸ ಮಾಡುತ್ತಿದ್ದ ಮನೆಯಲ್ಲಿ ಹುಟ್ಟಿದವರು. 1993ರಲ್ಲೇ ನಿಷೇಧದ ಕಾಯಿದೆ ಆಗಿತ್ತು. ಆಂದೋಲನದವರು 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರೆ, ರಾಜ್ಯಗಳು ನಮ್ಮಲ್ಲಿ ಅಂಥದ್ದು ಇಲ್ಲ ಎಂದು ಪ್ರಮಾಣಪತ್ರ ಕೊಟ್ಟವು. ಜೀತದ ವಿಷಯದಲ್ಲಿ ಹೇಳಿದ ಹಾಗೇ! ಆಂದೋಲನದವರು ಊರೂರು ತಿರುಗಿ ಹೆಸರು, ಫೋಟೋ ಸಮೇತ ಪಟ್ಟಿ ಮಾಡಿ ಕೋರ್ಟಿನ ಮುಂದೆ ಇಟ್ಟರು. 2014ರ ಮಾರ್ಚ್ 27ರಂದು ತೀರ್ಪು ಬಂತು. 1993ರಿಂದ ಈಚೆಗೆ ಒಳಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ಪರಿಹಾರ ಎಂದಾಯಿತು. ಶಂಕರನ್ 2010ರ ಅಕ್ಟೋಬರ್ 7ರಂದೇ ತೀರಿಕೊಂಡಿದ್ದರು.

ಇದನ್ನೆಲ್ಲ ಓದುವಾಗ ನನಗೆ ನಮ್ಮ ಸೊಸೈಟಿಯ ಪುಸ್ತಕ ನೆನಪಿಗೆ ಬಂತು. ಹಿರಿಯರು ಬೇಜಾರು ಮಾಡಿಕೊಳ್ಳಬಾರದು. ನಮ್ಮೂರಿನಲ್ಲಿ ಪಾಲಿಗೆ ಹಸು ಸಾಕುವ ಮನೆಗಳು ಎಷ್ಟಿವೆ? ಹಸು ಭೂಮಿ ಇದ್ದವರದು. ಹುಲ್ಲು ಕೊಯ್ದು, ಸಗಣಿ ಬಾಚಿ, ಚಳಿಯಲ್ಲಿ ಎದ್ದು ಹಾಲು ಕರೆದು ತರುವ ಹೆಣ್ಣುಮಗಳು ಕೂಲಿಯವಳು. ಕ್ಯಾನಿಗೆ ಹಾಲು ಸುರಿಯುವುದು ಅವಳು, ಪಾಸ್‌ಬುಕ್ಕಿನಲ್ಲಿ ಹೆಸರು ಹಸುವಿನ ಯಜಮಾನರದು. ಬಟವಾಡೆ ಅವರಿಗೆ, ಬೋನಸ್ ಅವರಿಗೆ, ಮಹಾಸಭೆಯಲ್ಲಿ ಕೈ ಎತ್ತುವವರೂ ಅವರೇ. ಅವಳಿಗೆ ಕೊಟ್ಟಷ್ಟು. ಇದು ಜೀತ ಅಂತ ನಾನು ಹೇಳುತ್ತಿಲ್ಲ. ಆದರೆ ಇಪ್ಪತ್ತೈದು ವರ್ಷ ಹಾಲು ಹಾಕಿದವಳ ಹೆಸರು ಈ ಬೆಳ್ಳಿಹಬ್ಬದ ಸಂಚಿಕೆಯ ಸದಸ್ಯರ ಪಟ್ಟಿಯಲ್ಲಿ ಇಲ್ಲ ಅಂದರೆ, ನಮ್ಮಲ್ಲಿ ಅಂಥವರು ಇಲ್ಲ ಅಂತ ನಾವೂ ವರದಿ ಬರೆದ ಹಾಗಾಯಿತು.

ಷೇರು ಹಣ ದೊಡ್ಡದೇನಲ್ಲ. ಅಂಥ ಮನೆಗಳನ್ನು ಒಂದೊಂದಾಗಿ ಗುರುತು ಮಾಡಿ, ಹಾಲು ತರುವವರ ಹೆಸರಿನಲ್ಲೇ ಪಾಸ್‌ಬುಕ್ ಮಾಡಿಸಬೇಕು, ಸ್ವಂತ ಹಸು ಕೊಳ್ಳುವವರ ಸಾಲಕ್ಕೆ ಸಂಘ ಬೆಂಬಲ ಕೊಡಬೇಕು ಎಂದು ನಾನು ಬರೆದು ಕಾರ್ಯದರ್ಶಿಯವರ ಕೈಗೆ ಕೊಟ್ಟಿದ್ದೇನೆ. ಯಜಮಾನರ ಪಾಲು ಏನೆಂಬುದನ್ನು ಕೂತು ತೀರ್ಮಾನ ಮಾಡೋಣ, ಯಾರಿಗೂ ನಷ್ಟ ಆಗಬೇಕಿಲ್ಲ. ನನ್ನ ಮನೆಯ ಎರಡು ಹಸುಗಳೂ ಪಾಲಿನಲ್ಲಿವೆ, ಆ ಎರಡು ಪಾಸ್‌ಬುಕ್ಕುಗಳಿಂದಲೇ ಶುರು ಮಾಡಬಹುದು. ಮುಂದಿನ ಮಹಾಸಭೆಯಲ್ಲಿ ವಿಷಯ ಚರ್ಚೆಗೆ ಬರುತ್ತದೆ. ವಿರೋಧ ಇರುವವರು ದಯವಿಟ್ಟು ಅಲ್ಲೇ ಎದ್ದು ಮಾತಾಡಿ, ಅರಳಿಕಟ್ಟೆಯ ಮೇಲಲ್ಲ.

ಊಟದ ಹೊತ್ತಾಗಿದೆ.